ಸ್ಕಾಟ್ಲೆಂಡಿನವರೂ ಇಂಗ್ಲಿಷ್ ಕಲಿತವರೇ

‘ಇಟ್ಸ್ ಡ್ರೀಖ್ ದ ಡೇ, ಹೆನ್. ಆಮ್ ಅವೇ ಫಾರ್ ದ ಮೆಸೇಜಸ್.’

ಗ್ಲಾಸ್ಗೋದಲ್ಲಿ ಬಾಡಿಗೆ ಮನೆ ಹಿಡಿದ ಮೊದಲ ವಾರ, ಮೆಟ್ಟಿಲ ಮೇಲೆ ಎದುರಾದ ಪಕ್ಕದ ಮನೆ ಅಜ್ಜಿ ಹೀಗೆ ಅಂದರು ಅಂತಿಟ್ಟುಕೊಳ್ಳಿ. ಪಿಯುಸಿಯಲ್ಲಿ ಇಂಗ್ಲಿಷಿಗೆ ತೊಂಬತ್ತೈದು ಬಂದಿದ್ದರೂ ಇಲ್ಲಿ ಕೈಗೆ ಸಿಗುವುದು ‘ಮೆಸೇಜಸ್’ ಒಂದೇ. ಅದೂ ತಪ್ಪು ಅರ್ಥದಲ್ಲಿ. ಅಜ್ಜಿ ಫೋನಿನ ವಿಷಯ ಎತ್ತೇ ಇಲ್ಲ. ‘ಮೋಡ ಮುಚ್ಚಿಕೊಂಡು ಜಿಟಿಜಿಟಿ ಅಂತಿದೆ ಕಣಮ್ಮ ಇವತ್ತು, ಸಾಮಾನು ತರೋಕೆ ಹೊರಟೆ’ ಅಂದರು ಅಷ್ಟೇ. ಅಲ್ಲಿ ಮೆಸೇಜಸ್ ಅಂದರೆ ಅಂಗಡಿ ಸಾಮಾನು. ಡ್ರೀಖ್ ಅಂದರೆ ಬಿಸಿಲೂ ಇಲ್ಲದ, ಜೋರು ಮಳೆಯೂ ಇಲ್ಲದ ಬೇಜಾರು ಹವೆ. ‘ಹೆನ್’ ಅಂದಿದ್ದಕ್ಕೆ ನನ್ನನ್ನು ಕೋಳಿ ಅಂದರಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಆ ಊರಿನ ಹಿರಿಯರು ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಕರೆಯುವುದೇ ಹಾಗೆ.

‘ಇವರ ಇಂಗ್ಲಿಷೇ ನೆಟ್ಟಗಿಲ್ಲ’ ಅಂದುಕೊಂಡು ವಾಪಸ್ ಬರುವವರು ಜಾಸ್ತಿ. ಪಾಪ, ಅವರಿಗೆ ಯಾರೂ ಒಂದು ವಿಷಯ ಹೇಳಿರುವುದಿಲ್ಲ. ಸ್ಕಾಟ್ಲೆಂಡಿನವರಿಗೆ ಇವತ್ತಿನ ಈ ಇಂಗ್ಲಿಷ್ ತಾತಮುತ್ತಾತನ ಕಾಲದ ಮನೆಮಾತಲ್ಲ. ನಮ್ಮ ಹಾಗೇ ಅವರೂ ಕಲಿತರು. ಸ್ವಲ್ಪ ಆಸೆಯಿಂದ, ಸ್ವಲ್ಪ ನಾಚಿಕೆಯಿಂದ, ಕೆಲವರು ಏಟು ತಿಂದು. ಕಲಿಯುವಾಗ ಬಿಡಲಾಗದೆ ಉಳಿಸಿಕೊಂಡ ಪದಗಳಿವೆಯಲ್ಲ, ಅವುಗಳ ಜಾಡು ಹಿಡಿದು ಹೋದರೆ ಅಲ್ಲಿನ ಚರಿತ್ರೆ, ಉಡುಗೆ, ಹಬ್ಬ ಎಲ್ಲ ಒಂದೊಂದಾಗಿ ಸಿಗುತ್ತವೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಸ್ಕಾಟ್ಲೆಂಡಿನಲ್ಲಿ ನಿಂತು ‘ನಿಮ್ಮ ಇಂಗ್ಲೆಂಡ್ ತುಂಬಾ ಚೆನ್ನಾಗಿದೆ’ ಅನ್ನಬೇಡಿ. ಬೆಂಗಳೂರಿಗೆ ಬಂದವರು ನಮ್ಮನ್ನು ‘ಮದ್ರಾಸಿ’ ಅಂದಾಗ ಹೇಗಾಗುತ್ತದೆ, ಅಲ್ವಾ? ಹಾಗೆ. ಸ್ಕಾಟ್ಲೆಂಡ್ ನೂರಾರು ವರ್ಷ ಬೇರೆಯೇ ರಾಜ್ಯವಾಗಿತ್ತು. 1297ರಲ್ಲಿ ಸ್ಟರ್ಲಿಂಗ್ ಸೇತುವೆಯ ಹತ್ತಿರ ವಿಲಿಯಂ ವಾಲೇಸ್, 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ರಾಬರ್ಟ್ ದ ಬ್ರೂಸ್ ಇಂಗ್ಲೆಂಡಿನ ಸೈನ್ಯವನ್ನು ಸೋಲಿಸಿದ್ದನ್ನು ಅಲ್ಲಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ರಾಜ್ಯ ಹತ್ತಿರ ಬಂದಿದ್ದು ಕೂಡ ಇಂಗ್ಲೆಂಡ್ ಗೆದ್ದು ಅಲ್ಲ. 1603ರಲ್ಲಿ ಇಂಗ್ಲೆಂಡಿನ ರಾಣಿ ಮೊದಲನೇ ಎಲಿಜಬೆತ್ ಮಕ್ಕಳಿಲ್ಲದೆ ತೀರಿಕೊಂಡಳು. ಸ್ಕಾಟ್ಲೆಂಡಿನ ದೊರೆ ಆರನೇ ಜೇಮ್ಸ್ ಅವಳಿಗೆ ಹತ್ತಿರದ ನೆಂಟ. ಅವನೇ ಎರಡೂ ಕಡೆಗೆ ದೊರೆಯಾದ. 1707ರಲ್ಲಿ ಎರಡು ಸಂಸತ್ತುಗಳೂ ಒಂದಾದವು.

ಆದರೆ ಆಗಲೂ ಸ್ಕಾಟ್ಲೆಂಡ್ ತನ್ನ ಕಾನೂನು, ತನ್ನ ಚರ್ಚು, ತನ್ನ ಶಾಲೆಗಳನ್ನು ಬಿಟ್ಟುಕೊಡಲಿಲ್ಲ. ಅದು ಇವತ್ತಿಗೂ ಕಣ್ಣಿಗೆ ಬೀಳುತ್ತದೆ. ಇಂಗ್ಲೆಂಡಿನಲ್ಲಿ ಆನರ್ಸ್ ಪದವಿಗೆ ಸಾಮಾನ್ಯವಾಗಿ ಮೂರು ವರ್ಷ, ಇಲ್ಲಿ ನಾಲ್ಕು. ಕ್ರಿಮಿನಲ್ ಕೇಸಿಗೆ ಅಲ್ಲಿ 12 ಜನರ ಜ್ಯೂರಿ ಕೂತರೆ ಇಲ್ಲಿ 15. ನೋಟುಗಳನ್ನು ಕೂಡ ಇಲ್ಲಿನ ಮೂರು ಬ್ಯಾಂಕುಗಳು ತಮ್ಮದೇ ಚಿತ್ರ ಹಾಕಿ ಅಚ್ಚು ಹಾಕುತ್ತವೆ. ಆ ನೋಟು ಹಿಡಿದು ಲಂಡನ್ನಿನ ಅಂಗಡಿಗೆ ಹೋದರೆ ಹುಡುಗ ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡುತ್ತಾನೆ. 1999ರಲ್ಲಿ ಎಡಿನ್‌ಬರಾದಲ್ಲಿ ಸ್ಕಾಟಿಷ್ ಸಂಸತ್ತು ಮತ್ತೆ ಶುರುವಾಯಿತು. 2014ರಲ್ಲಿ ಪೂರ್ತಿ ಬೇರೆಯಾಗಬೇಕಾ ಅಂತ ಜನರನ್ನೇ ಕೇಳಿದಾಗ ಶೇ. 55 ಮಂದಿ ಬೇಡ ಅಂದರು, ಶೇ. 45 ಮಂದಿ ಬೇಕು ಅಂದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಪರಿಚಯವಾದ ಮೊದಲ ದಿನವೇ ಅದನ್ನು ಎತ್ತಬೇಡಿ. ಇನ್ನೊಂದು, ಎಡಿನ್‌ಬರಾ ಅನ್ನಬೇಕು. ಎಡಿನ್‌ಬರ್ಗ್ ಅಂದರೆ ಹೊಸಬರು ಅಂತ ತಕ್ಷಣ ಗೊತ್ತಾಗುತ್ತದೆ.

ಈಗ ಭಾಷೆಗೆ ಬರೋಣ. ಸ್ಕಾಟ್ಲೆಂಡಿನಲ್ಲಿ ಇರುವುದು ಒಂದಲ್ಲ, ಮೂರು. ಉತ್ತರ ಮತ್ತು ಪಶ್ಚಿಮದ ಬೆಟ್ಟಗಳು, ದ್ವೀಪಗಳು ಸೇರಿ ಹೈಲ್ಯಾಂಡ್ಸ್. ಅಲ್ಲಿನ ಹಳೇ ಮಾತು ಗೇಲಿಕ್. ಅದು ಐರಿಷ್ ಭಾಷೆಯ ಹತ್ತಿರದ ನೆಂಟ, ಇಂಗ್ಲಿಷಿಗೆ ದೂರ. ದಕ್ಷಿಣ ಮತ್ತು ಪೂರ್ವದ ಬಯಲು ಸೀಮೆ ಲೋಲ್ಯಾಂಡ್ಸ್. ಅಲ್ಲಿನದು ಸ್ಕಾಟ್ಸ್. ಅದು ಇಂಗ್ಲಿಷಿನ ಮಗಳಲ್ಲ, ತಂಗಿ. ಹಳೇ ಇಂಗ್ಲಿಷಿನ ಉತ್ತರದ ರೂಪದಿಂದ ಬೇರೆಯಾಗಿ ಬೆಳೆದದ್ದು. ಒಂದು ಕಾಲಕ್ಕೆ ಅರಮನೆ, ಕೋರ್ಟು, ಕಾವ್ಯ ಎಲ್ಲವೂ ಅದರಲ್ಲೇ ನಡೆಯುತ್ತಿದ್ದವು. ಮೂರನೆಯದು ಸ್ಕಾಟಿಷ್ ಇಂಗ್ಲಿಷ್. ಟಿವಿ ವಾರ್ತೆಯಲ್ಲಿ, ಕ್ಲಾಸಿನಲ್ಲಿ ಕೇಳುವುದು ಅದನ್ನೇ. ನಮ್ಮ ಅಜ್ಜಿ ಮಾತಾಡಿದ್ದು ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಎಲ್ಲೋ ಇದೆ. ಹೆಚ್ಚಿನವರು ಹಾಗೇ, ಎದುರಿಗೆ ಯಾರಿದ್ದಾರೆ ಅಂತ ನೋಡಿಕೊಂಡು ಆ ಕಡೆಗೋ ಈ ಕಡೆಗೋ ಜರುಗುತ್ತಾರೆ.

ಸ್ಕಾಟ್ಸ್ ಹಿಂದೆ ಬಿದ್ದಿದ್ದು ಹೇಗೆ? ದೊರೆ ಲಂಡನ್ನಿಗೆ ಹೋದ, ಅವನ ಹಿಂದೆ ಆಸ್ಥಾನವೂ ಹೋಯಿತು. ಚರ್ಚಿನಲ್ಲಿ ಓದುವ ಬೈಬಲ್ ಇಂಗ್ಲಿಷಿನದಾಯಿತು. 1707ರ ನಂತರ ಮೇಲೇರಬೇಕಾದರೆ ಲಂಡನ್ನಿನ ಇಂಗ್ಲಿಷೇ ಬೇಕು ಅನ್ನುವ ಹಾಗಾಯಿತು. ದೊಡ್ಡ ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೂಡ ತನ್ನ ಬರವಣಿಗೆಯಲ್ಲಿ ಸ್ಕಾಟ್ಸ್ ಪದಗಳು ನುಸುಳಬಾರದು ಅಂತ ಅಂಥ ಪದಗಳ ಪಟ್ಟಿಯನ್ನೇ ಮಾಡಿಟ್ಟುಕೊಂಡಿದ್ದ. 1761ರಲ್ಲಿ ಥಾಮಸ್ ಶೆರಿಡನ್ ಅನ್ನುವ ನಟ ಎಡಿನ್‌ಬರಾಕ್ಕೆ ಬಂದು ಶುದ್ಧ ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ಉಪನ್ಯಾಸ ಕೊಟ್ಟ. ಊರಿನ ದೊಡ್ಡ ಮನುಷ್ಯರೆಲ್ಲ ದುಡ್ಡು ಕೊಟ್ಟು ಹೋಗಿ ಕೂತರು. ತಮಾಷೆ ಏನೆಂದರೆ ಪಾಠ ಹೇಳಿದವನು ಐರ್ಲೆಂಡಿನವನು. ಸ್ಪೋಕನ್ ಇಂಗ್ಲಿಷ್ ಕ್ಲಾಸು ಬೆಂಗಳೂರಿನಲ್ಲೇ ಹುಟ್ಟಿದ್ದಲ್ಲ ನೋಡಿ.

ಗೇಲಿಕ್ ಮಕ್ಕಳ ಪಾಡು ಇನ್ನೂ ಕಷ್ಟದ್ದು. 1872ರಲ್ಲಿ ಎಲ್ಲ ಮಕ್ಕಳೂ ಶಾಲೆಗೆ ಬರಬೇಕು ಅನ್ನುವ ಕಾಯ್ದೆ ಬಂತು. ಅದರಲ್ಲಿ ಗೇಲಿಕ್‌ಗೆ ಜಾಗವೇ ಇರಲಿಲ್ಲ. ಮನೆಮಾತು ಆಡಿದ್ದಕ್ಕೆ ಶಿಕ್ಷೆ ತಿಂದ ನೆನಪು ಎಷ್ಟೋ ಮನೆಗಳಲ್ಲಿದೆ. 2011ರ ಜನಗಣತಿಯಲ್ಲಿ ಗೇಲಿಕ್ ಮಾತಾಡುತ್ತೇವೆ ಅಂದವರು ಸುಮಾರು 57,000, ಸ್ಕಾಟ್ಸ್ ಮಾತಾಡುತ್ತೇವೆ ಅಂದವರು ಸುಮಾರು 15 ಲಕ್ಷ. ಇಡೀ ದೇಶದ ಜನ 53 ಲಕ್ಷದಷ್ಟು. ಎರಡೂ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಡುವ ಕಾಯ್ದೆಯನ್ನು ಸ್ಕಾಟಿಷ್ ಸಂಸತ್ತು ಒಪ್ಪಿದ್ದು 2025ರಲ್ಲಿ.

ಇಷ್ಟೆಲ್ಲ ಕೇಳಿ ಹೆದರಬೇಕಿಲ್ಲ. ಉಚ್ಚಾರಣೆಯಲ್ಲಿ ಕನ್ನಡದವರಿಗೆ ಲಂಡನ್ನಿಗಿಂತ ಸ್ಕಾಟ್ಲೆಂಡೇ ಹತ್ತಿರ. ಲಂಡನ್ನಿನವರು ‘ಕಾರ್’ ಅನ್ನುವಾಗ ರಕಾರವನ್ನು ನುಂಗುತ್ತಾರೆ. ಸ್ಕಾಟ್ಲೆಂಡಿನವರು ನಮ್ಮ ಹಾಗೆ ಸ್ಪಷ್ಟವಾಗಿ ಅನ್ನುತ್ತಾರೆ. ‘ಗೋ’, ‘ಡೇ’ ಅನ್ನುವಾಗ ಲಂಡನ್ನಿನ ಬಾಯಲ್ಲಿ ಸ್ವರ ಎಳೆದಾಡಿ ‘ಗೌ’, ‘ಡೆಯ್’ ಆಗುತ್ತದೆ. ಇಲ್ಲಿ ನಮ್ಮ ಓಕಾರ, ಏಕಾರದ ಹಾಗೇ ನೆಟ್ಟಗಿರುತ್ತದೆ. ‘ವೇರ್ ಡು ಯು ಸ್ಟೇ?’ ಅಂತ ಕೇಳಿದರೆ ಮನೆ ಎಲ್ಲಿ ಅಂತ. ಈ ಪ್ರಯೋಗ ತಪ್ಪು ಅಂತ ನಮ್ಮ ಮೇಷ್ಟ್ರು ಕೆಂಪು ಗೆರೆ ಎಳೆದಿರುತ್ತಾರೆ. ಅಲ್ಲಿ ಅದೇ ಸರಿ.

ಸ್ಕಾಟ್ಸ್‌ನಲ್ಲಿ ಕೆಲವು ಹಳೇ ಸ್ವರಗಳೂ ಉಳಿದಿವೆ. ಇಂಗ್ಲಿಷಿನಲ್ಲಿ ‘ಹೌಸ್’, ‘ನೌ’, ‘ಔಟ್’ ಆದ ಪದಗಳು ಇಲ್ಲಿ ‘ಹೂಸ್’, ‘ನೂ’, ‘ಊಟ್’. ಯಾರಾದರೂ ‘ಊಟ್’ ಅಂದರೆ ತಟ್ಟೆ ಹುಡುಕಬೇಡಿ, ಹೊರಗೆ ಹೋಗು ಅಂತಿದ್ದಾರೆ. ಇನ್ನು ‘ವೀ’ ಅಂದರೆ ಚಿಕ್ಕದು, ‘ಐ’ ಅಂದರೆ ಹೌದು, ‘ಕೆನ್’ ಅಂದರೆ ಗೊತ್ತಿರುವುದು, ‘ಬಾನಿ’ ಅಂದರೆ ಚೆಂದ. ‘ಔಟ್‌ವಿತ್’ ಅನ್ನುವ ಪದ ಆಫೀಸಿನ ಕಾಗದಗಳಲ್ಲೂ ಇರುತ್ತದೆ. ಹೊರಗೆ, ಹೊರತಾಗಿ ಅಂತ ಅರ್ಥ. ಅದು ಸ್ಕಾಟ್ಲೆಂಡಿನದು ಮಾತ್ರ ಅಂತ ಅಲ್ಲಿನ ಎಷ್ಟೋ ಜನಕ್ಕೇ ಗೊತ್ತಿರುವುದಿಲ್ಲ.

ನನಗೆ ತುಂಬಾ ಇಷ್ಟವಾದ ವಿಷಯ ಒಂದು ಕಳೆದುಹೋದ ಅಕ್ಷರದ್ದು. ಬರೆಯುವಾಗ ‘ಮೆನ್‌ಝೀಸ್’ ಅಂತ ಕಾಣುವ ಮನೆತನದ ಹೆಸರನ್ನು ಅಲ್ಲಿ ‘ಮಿಂಗಿಸ್’ ಅನ್ನುತ್ತಾರೆ. ಹಳೇ ಸ್ಕಾಟ್ಸ್ ಬರವಣಿಗೆಯಲ್ಲಿ ‘ಯೋಖ್’ ಅಂತ ಒಂದು ಅಕ್ಷರವಿತ್ತು. ಅಚ್ಚಿನ ಮೊಳೆ ಬಂದಾಗ ಅದಕ್ಕೆ ಮೊಳೆ ಇರಲಿಲ್ಲ. ನೋಡೋಕೆ ಹತ್ತಿರವಿದೆ ಅಂತ ಝಡ್ ಹಾಕಿಬಿಟ್ಟರು. ಅಕ್ಷರ ಹೋಯಿತು, ಉಚ್ಚಾರಣೆ ಮಾತ್ರ ಹೆಸರಿನೊಳಗೆ ಕೂತುಬಿಟ್ಟಿತು. ಹಳಗನ್ನಡದ ಱ, ೞ ಕಳೆದುಕೊಂಡ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಗೇಲಿಕ್ ಸೋತರೂ ಅದರ ಪದಗಳು ಲೋಕವೆಲ್ಲ ಸುತ್ತಿವೆ. ವಿಸ್ಕಿ ಅನ್ನುವ ಪದ ‘ಊಷ್ಕ ಬೆಹಾ’ ಅನ್ನುವುದರಿಂದ ಬಂತು, ಜೀವಜಲ ಅಂತ ಅರ್ಥ. ಸ್ಕಾಚ್ ಅಂತ ಕರೆಸಿಕೊಳ್ಳಬೇಕಾದರೆ ಅದು ಸ್ಕಾಟ್ಲೆಂಡಿನಲ್ಲೇ ಓಕ್ ಮರದ ಪೀಪಾಯಿಯೊಳಗೆ ಕನಿಷ್ಠ 3 ವರ್ಷ ಇರಬೇಕು. ಕಾನೂನೇ ಹಾಗಿದೆ. ‘ಕ್ಲ್ಯಾನ್’ ಅಂದರೆ ಮಕ್ಕಳು. ಒಬ್ಬ ಮೂಲಪುರುಷನ ಮಕ್ಕಳು ಅಂತ ನಂಬಿಕೊಂಡ ಜನ, ಅವರಿಗೊಬ್ಬ ಯಜಮಾನ, ಕಾಪಾಡೋಕೆ ಒಂದು ಕಣಿವೆ. ಅದೇ ಕ್ಲ್ಯಾನ್. ಎಲ್ಲರಿಗೂ ರಕ್ತಸಂಬಂಧ ಇರಲೇಬೇಕು ಅಂತೇನೂ ಇರಲಿಲ್ಲ. ಯಜಮಾನನ ನೆರಳಿಗೆ ಬಂದವರೂ ಅವನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. ‘ಮ್ಯಾಕ್’ ಅಂದರೆ ಮಗ. ಮ್ಯಾಕ್‌ಡೊನಾಲ್ಡ್ ಅಂದರೆ ಡೊನಾಲ್ಡನ ಮಗ. ಬರ್ಗರ್ ಆಮೇಲಿನದು. ಇನ್ನು ನಾವು ಚುನಾವಣೆ ಬಂದಾಗಲೆಲ್ಲ ಬಳಸುವ ‘ಸ್ಲೋಗನ್’ ಇದೆಯಲ್ಲ, ಅದು ಗೇಲಿಕ್‌ನಲ್ಲಿ ‘ದಂಡಿನ ಕೂಗು’. ಯುದ್ಧಕ್ಕೆ ನುಗ್ಗುವಾಗ ಕ್ಲ್ಯಾನಿನವರು ಹಾಕುತ್ತಿದ್ದ ಕೂಗು.

ಈ ಕ್ಲ್ಯಾನ್ ಬದುಕು ಮುಗಿದ ಜಾಗ ಕಲ್ಲೋಡನ್. ಸ್ಕಾಟ್ಲೆಂಡಿನ ಬಗ್ಗೆ ಒಂದೇ ತಾರೀಕು ನೆನಪಿಟ್ಟುಕೊಳ್ಳುವುದಾದರೆ 1746ರ ಏಪ್ರಿಲ್ 16 ಇಟ್ಟುಕೊಳ್ಳಿ. ಬ್ರಿಟನ್ನಿನ ಗದ್ದುಗೆ ಕಳೆದುಕೊಂಡಿದ್ದ ಸ್ಟೂವರ್ಟ್ ವಂಶದ ಹುಡುಗ ಚಾರ್ಲ್ಸ್ ತನ್ನ ಅಪ್ಪನಿಗಾಗಿ ಅದನ್ನು ವಾಪಸ್ ಗೆಲ್ಲಲು ಹೊರಟಿದ್ದ. ಜನ ಅವನನ್ನು ಬಾನಿ ಪ್ರಿನ್ಸ್ ಚಾರ್ಲಿ ಅನ್ನುತ್ತಿದ್ದರು. ಅವನ ಹಿಂದೆ ಹೈಲ್ಯಾಂಡಿನ ಹಲವು ಕ್ಲ್ಯಾನುಗಳು. ಎದುರಿಗೆ ಸರ್ಕಾರದ ಸೈನ್ಯ. ಅದರಲ್ಲೂ ಬೇಕಾದಷ್ಟು ಸ್ಕಾಟರಿದ್ದರು. ಹಾಗಾಗಿ ಇದನ್ನು ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡ್ ಅಂತ ಓದಿಕೊಂಡರೆ ದಾರಿ ತಪ್ಪುತ್ತದೆ. ಇನ್ವರ್ನೆಸ್ ಹತ್ತಿರದ ಜೌಗು ಬಯಲಿನಲ್ಲಿ ಕತ್ತಿ ಹಿಡಿದು ಓಡಿದವರನ್ನು ತೋಪು, ಬಂದೂಕುಗಳು ಒಂದು ಗಂಟೆಯೊಳಗೆ ಮುಗಿಸಿದವು. ಚಾರ್ಲ್ಸ್‌ನ ತಲೆಗೆ 30,000 ಪೌಂಡ್ ಬಹುಮಾನ ಇಟ್ಟರು. ಬೆಟ್ಟದ ಬಡವರು ಯಾರೂ ಹಿಡಿದುಕೊಡಲಿಲ್ಲ. ಫ್ಲೋರಾ ಮ್ಯಾಕ್‌ಡೊನಾಲ್ಡ್ ಅನ್ನುವ ಹೆಣ್ಣುಮಗಳು ಅವನಿಗೆ ಕೆಲಸದವಳ ವೇಷ ಹಾಕಿ, ದೋಣಿಯಲ್ಲಿ ಸ್ಕೈ ದ್ವೀಪಕ್ಕೆ ದಾಟಿಸಿದಳು.

ಆಮೇಲೆ ಸರ್ಕಾರ ಕೈಹಾಕಿದ್ದು ಬಟ್ಟೆಗೆ. ಕಿಲ್ಟ್ ಅಂದರೆ ಸಾಮಾನ್ಯವಾಗಿ ಗಂಡಸರ ಸ್ಕರ್ಟು ಅಂತ ನಗುವವರಿದ್ದಾರೆ. ಪಂಚೆ ಉಡುವ ನಾಡಿನವರು ಹಾಗೆ ನಗಬಾರದು. ಹಳೇ ಕಿಲ್ಟ್ ಹೊಲಿಗೆ ಇಲ್ಲದ ಉದ್ದ ಉಣ್ಣೆ ಬಟ್ಟೆ. ನೆರಿಗೆ ಹಿಡಿದು ಸೊಂಟಕ್ಕೆ ಪಟ್ಟಿ ಬಿಗಿಯಬೇಕು, ಉಳಿದದ್ದನ್ನು ಹೆಗಲ ಮೇಲೆ ಹಾಕಿಕೊಳ್ಳಬೇಕು. ಮಳೆ ಬಂದರೆ ಅದೇ ತಲೆಗೆ, ರಾತ್ರಿಯಾದರೆ ಅದೇ ಹೊದಿಕೆ. ನಮ್ಮ ಕುರುಬರ ಕಂಬಳಿಯ ಹಾಗೆ. ಸ್ಕಾಟ್ಸ್‌ನಲ್ಲಿ ‘ಕಿಲ್ಟ್’ ಮೂಲದಲ್ಲಿ ಕ್ರಿಯಾಪದ. ಉಟ್ಟ ಬಟ್ಟೆಯನ್ನು ಮೇಲಕ್ಕೆತ್ತಿ ಸಿಕ್ಕಿಸಿಕೊಳ್ಳುವುದು ಅಂತ ಅರ್ಥ. ಅಂದರೆ ಗದ್ದೆಗೆ ಇಳಿಯುವ ಮುಂಚೆ ಪಂಚೆ ಎತ್ತಿ ಕಟ್ಟುತ್ತೇವಲ್ಲ, ಅದೇ.

1747ರ ಆಗಸ್ಟ್‌ನಿಂದ ಸ್ಕಾಟ್ಲೆಂಡಿನ ಗಂಡಸರು, ಹುಡುಗರು ಇದನ್ನು ಉಡುವಂತಿಲ್ಲ ಅಂತ ಕಾಯ್ದೆಯಾಯಿತು. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳು ಜೈಲು. ಎರಡನೇ ಸಲ ಸಿಕ್ಕರೆ 7 ವರ್ಷ ಸಮುದ್ರದಾಚೆಗೆ ಗಡೀಪಾರು. ಒಂದೇ ವಿನಾಯಿತಿ ಇತ್ತು: ಸರ್ಕಾರದ ಸೈನ್ಯಕ್ಕೆ ಸೇರಿದವರು ಉಡಬಹುದು. 1782ರಲ್ಲಿ ನಿಷೇಧ ತೆಗೆದರು. ಅಷ್ಟರಲ್ಲಿ ಒಂದು ತಲೆಮಾರು ಪ್ಯಾಂಟು ಹಾಕಿ ಬೆಳೆದಿತ್ತು.

ನಿಜವಾದ ತಿರುವು 1822ರಲ್ಲಿ. ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರಾಕ್ಕೆ ಬಂದ. ಸುಮಾರು ನೂರೆಪ್ಪತ್ತು ವರ್ಷದಲ್ಲಿ ಅಲ್ಲಿಗೆ ಬಂದ ಮೊದಲ ದೊರೆ ಅವನು. ಕಾದಂಬರಿಕಾರ ವಾಲ್ಟರ್ ಸ್ಕಾಟ್‌ಗೆ ಮೆರವಣಿಗೆಯ ಜವಾಬ್ದಾರಿ. ಎಲ್ಲರೂ ಹೈಲ್ಯಾಂಡ್ ಉಡುಗೆಯಲ್ಲಿ ಬರಬೇಕು ಅಂತ ಸ್ಕಾಟ್ ಹೇಳಿಬಿಟ್ಟ. ಹೈಲ್ಯಾಂಡಿನವರನ್ನು ಅಲ್ಲಿಯವರೆಗೆ ದನಗಳ್ಳರು ಅಂತ ಮೂಗು ಮುರಿಯುತ್ತಿದ್ದ ಬಯಲು ಸೀಮೆಯ ವಕೀಲರು, ವ್ಯಾಪಾರಿಗಳೆಲ್ಲ ದರ್ಜಿಗಳ ಮನೆಗೆ ಓಡಿದರು. ದಪ್ಪ ಹೊಟ್ಟೆಯ ದೊರೆಯೂ ಕಿಲ್ಟ್ ಉಟ್ಟ, ಒಳಗೆ ಗುಲಾಬಿ ಬಣ್ಣದ ಬಿಗಿ ಚಣ್ಣ. ಕಲಾವಿದ ಡೇವಿಡ್ ವಿಲ್ಕಿ ಆಮೇಲೆ ಅವನ ಚಿತ್ರ ಬರೆದಾಗ ಆ ಗುಲಾಬಿಯನ್ನು ಜಾಣತನದಿಂದ ಬಿಟ್ಟುಬಿಟ್ಟ. ಇಂಥ ಕ್ಲ್ಯಾನಿಗೆ ಇಂಥದೇ ಚೌಕಳಿ ಅನ್ನುವ ಟಾರ್ಟನ್ ಪಟ್ಟಿಗಳು ಗಟ್ಟಿಯಾಗಿದ್ದು ಹೆಚ್ಚಾಗಿ ಈ ಗಲಾಟೆಯ ಆಸುಪಾಸಿನಲ್ಲೇ. ಇವತ್ತು ಅಲ್ಲಿನ ಮದುವೆಗಳಲ್ಲಿ ಕಾಣುವ ಕಿಲ್ಟ್, ಮುಂದೆ ನೇತಾಡುವ ಸ್ಪಾರನ್ ಚೀಲ, ಕಾಲುಚೀಲದಲ್ಲಿ ಸಿಕ್ಕಿಸಿದ ‘ಸ್ಕೀಯನ್ ದೂ’ ಚೂರಿ, ಇವು ಸಾವಿರ ವರ್ಷದಿಂದ ಹೀಗೇ ಇವೆ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ.

ನನಗೆ ಇದರಲ್ಲಿ ಕಹಿಯಾಗಿ ಕಾಣುವುದು ಇನ್ನೊಂದು. ಉಡುಗೆಗೆ ಜೈಕಾರ ಬಿದ್ದ ಅದೇ ವರ್ಷಗಳಲ್ಲಿ ಉಟ್ಟವರನ್ನು ಮನೆ ಬಿಡಿಸುತ್ತಿದ್ದರು. ಕುರಿ ಸಾಕಿದರೆ ಗೇಣಿಗಿಂತ ಲಾಭ ಜಾಸ್ತಿ ಅಂತ ಜಮೀನುದಾರರು ಕಣಿವೆಗಳನ್ನೇ ಖಾಲಿ ಮಾಡಿಸಿದರು. ಸದರ್ಲೆಂಡಿನಲ್ಲಿ ವಾಪಸ್ ಬರದಿರಲಿ ಅಂತ ಮನೆಯ ಮಾಡಿಗೆ ಬೆಂಕಿ ಇಟ್ಟರು. ‘ಕ್ಲಿಯರೆನ್ಸ್’ ಅನ್ನುವ ಪದ ನಮಗೆ ಬಟ್ಟೆ ಅಂಗಡಿಯ ಸೇಲ್ ನೆನಪಿಸುತ್ತದೆ. ಅಲ್ಲಿನವರಿಗೆ ನೆನಪಾಗುವುದು ಹೀಗೆ ಮನೆ ಬಿಡಿಸಿದ್ದು. ಕೆನಡಾದ ನೋವಾ ಸ್ಕಾಟಿಯಾದಲ್ಲಿ ಗೇಲಿಕ್ ಕೇಳುತ್ತಿದ್ದುದು ಹೀಗೆ ಹೋದವರಿಂದ.

ಉಳಿದವರಿಗೆ ಸೈನ್ಯ, ಈಸ್ಟ್ ಇಂಡಿಯಾ ಕಂಪನಿ ಕೆಲಸ. ಅಲ್ಲಿಂದ ದಾರಿ ಸೀದಾ ನಮ್ಮೂರಿಗೆ ಬರುತ್ತದೆ. ಶಾಲೆ ಪ್ರವಾಸಕ್ಕೆ ಶ್ರೀರಂಗಪಟ್ಟಣಕ್ಕೆ ಹೋದವರೆಲ್ಲ ಕರ್ನಲ್ ಬೇಲಿ ಸೆರೆಮನೆ ನೋಡಿರುತ್ತೀರಿ. ಆ ವಿಲಿಯಂ ಬೇಲಿ ಸ್ಕಾಟ್ಲೆಂಡಿನವನು. 1780ರಲ್ಲಿ ಪೊಳ್ಳಿಲೂರಿನಲ್ಲಿ ಟಿಪ್ಪುವಿನ ಎದುರು ಸೋತು ಸೆರೆಯಾದ, ಸೆರೆಯಲ್ಲೇ ಸತ್ತ. ಅವನ ಜೊತೆ ಸಿಕ್ಕಿಬಿದ್ದ ಇನ್ನೊಬ್ಬ ಸ್ಕಾಟ್ ಡೇವಿಡ್ ಬೇರ್ಡ್. ಕೈದಿಗಳನ್ನು ಇಬ್ಬಿಬ್ಬರನ್ನಾಗಿ ಸರಪಳಿಯಲ್ಲಿ ಕಟ್ಟಿದ್ದಾರೆ ಅನ್ನುವ ಸುದ್ದಿ ಮುಟ್ಟಿದಾಗ ಅವನ ತಾಯಿ ಅಳಲಿಲ್ಲವಂತೆ. ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡ ಆ ‘ಚೀಲ್’ ಗತಿ ಏನಪ್ಪಾ ಅಂದರಂತೆ. ಚೀಲ್ ಅಂದರೆ ಸ್ಕಾಟ್ಸ್‌ನಲ್ಲಿ ಹುಡುಗ, ಆಸಾಮಿ. ಮಗ ಎಂಥ ಮುಂಗೋಪಿ ಅಂತ ಹೆತ್ತವಳಿಗೆ ಗೊತ್ತಿರುವುದಿಲ್ಲವೇ? 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದೆ ಇದ್ದವನು ಇದೇ ಡೇವಿ. ಅವನು ಟಿಪ್ಪುವಿನ ದೇಹ ಪತ್ತೆ ಹಚ್ಚುವ ದೊಡ್ಡ ಚಿತ್ರ ಎಡಿನ್‌ಬರಾದಲ್ಲಿದೆ. ಬರೆದವನು ಆ ಗುಲಾಬಿ ಚಣ್ಣ ಬಿಟ್ಟ ವಿಲ್ಕಿಯೇ. ಯುದ್ಧದ ನಂತರ ಮೈಸೂರು ಸೀಮೆಯ ಸರ್ವೆ ಮಾಡಿ, ಶಾಸನ, ಕೈಫಿಯತ್ತು ಕೂಡಿಸಿದ ಕಾಲಿನ್ ಮೆಕೆಂಝಿ ಹುಟ್ಟಿದ್ದು ಗೇಲಿಕ್ ಸೀಮೆಯ ಲೂಯಿಸ್ ದ್ವೀಪದ ಸ್ಟಾರ್ನೊವೇಯಲ್ಲಿ.

ಇತ್ತ ಎಡಿನ್‌ಬರಾದ ಸಿರಿವಂತರು ನಾಲಗೆ ತಿದ್ದಿಕೊಳ್ಳುತ್ತಿದ್ದ ಕಾಲದಲ್ಲೇ ಏರ್‌ಷೈರಿನ ಒಬ್ಬ ರೈತನ ಮಗ ಬೇಕೆಂದೇ ಸ್ಕಾಟ್ಸ್‌ನಲ್ಲಿ ಬರೆದ. ರಾಬರ್ಟ್ ಬರ್ನ್ಸ್ ಹುಟ್ಟಿದ್ದು 1759ರ ಜನವರಿ 25ರಂದು, ಸತ್ತಿದ್ದು 37ಕ್ಕೆ. 1786ರಲ್ಲಿ ಅವನ ಮೊದಲ ಪುಸ್ತಕ ಅಚ್ಚಾಗಿದ್ದು 612 ಪ್ರತಿ. ಈಗ ಅವನ ಹುಟ್ಟುಹಬ್ಬದ ರಾತ್ರಿ ಲೋಕದ ತುಂಬ ಬರ್ನ್ಸ್ ಸಪ್ಪರ್ ನಡೆಯುತ್ತದೆ. ಊಟದ ನಡುವೆ ಬ್ಯಾಗ್‌ಪೈಪ್ ಊದುತ್ತಾ ತಟ್ಟೆಯಲ್ಲಿ ಹ್ಯಾಗಿಸ್ ತರುತ್ತಾರೆ, ಎಲ್ಲರೂ ಎದ್ದು ನಿಲ್ಲುತ್ತಾರೆ. ಒಬ್ಬರು ಹ್ಯಾಗಿಸನ್ನೇ ಉದ್ದೇಶಿಸಿ ಬರ್ನ್ಸ್ ಬರೆದ ಪದ್ಯ ಹೇಳುತ್ತಾರೆ. ಕೊಯ್ಯುವ ಸಾಲು ಬಂದ ಕೂಡಲೇ ಚಾಕು ಇಳಿಸುತ್ತಾರೆ, ಬಿಸಿ ಹಬೆ ಏಳುತ್ತದೆ. ಕುರಿಯ ಗುಂಡಿಗೆ, ಯಕೃತ್ತು, ಶ್ವಾಸಕೋಶವನ್ನು ಓಟ್ಸ್, ಈರುಳ್ಳಿ, ಮೆಣಸಿನ ಜೊತೆ ಕಲಸಿ ಕುರಿಯ ಹೊಟ್ಟೆಚೀಲದಲ್ಲಿ ತುಂಬಿ ಬೇಯಿಸಿದ್ದು ಅದು. ಪಕ್ಕಕ್ಕೆ ನೀಪ್ಸ್, ಟ್ಯಾಟೀಸ್, ಅಂದರೆ ಹಳದಿ ಟರ್ನಿಪ್ ಮತ್ತು ಆಲೂಗಡ್ಡೆ. ಸಸ್ಯಾಹಾರಿಗಳಿಗೆ ಬೇಳೆಕಾಳು ಹಾಕಿದ ಹ್ಯಾಗಿಸೂ ಅಂಗಡಿಯಲ್ಲಿ ಸಿಗುತ್ತದೆ.

ಹೊಸ ವರ್ಷದ ರಾತ್ರಿ ಎಲ್ಲೆಡೆ ಹಾಡುವ ‘ಓಲ್ಡ್ ಲ್ಯಾಂಗ್ ಸೈನ್’ ಲೋಕಕ್ಕೆ ತಲುಪಿದ್ದು ಅವನಿಂದಲೇ. ಹಳೇ ಹಾಡೊಂದನ್ನು ತಿದ್ದಿ ಕೊಟ್ಟ. ಪದಕ್ಕೆ ಪದ ಇಟ್ಟರೆ ಹಳೇ, ಉದ್ದ, ಹಿಂದೆ. ‘ಹಿಂದಿನ ಆ ದಿನಗಳು’ ಅಂತ ಅರ್ಥ ಮಾಡಿಕೊಳ್ಳಬಹುದು. ಎಲ್ಲರೂ ಕೈ ಕೈ ಹಿಡಿದು ಹಾಡುತ್ತಾರೆ. ತೋಳು ಅಡ್ಡ ಹಾಕುವುದು ಕೊನೆಯ ಚರಣಕ್ಕೆ ಮಾತ್ರ. ಮೊದಲೇ ಹಾಕಿದರೆ ಸ್ಕಾಟರು ಹುಬ್ಬೇರಿಸುತ್ತಾರೆ.

ಅಲ್ಲಿ ಡಿಸೆಂಬರ್ 31ರ ಹೆಸರು ‘ಹಾಗ್ಮನೇ’. ಕ್ರಿಸ್‌ಮಸ್‌ಗಿಂತ ಇದು ದೊಡ್ಡದಾಗಿ ಬೆಳೆದಿದ್ದಕ್ಕೆ ಕಾರಣವಿದೆ. ಬೈಬಲಿನಲ್ಲಿ ಇಲ್ಲದ ಹಬ್ಬ ಬೇಡ ಅಂತ ಅಲ್ಲಿನ ಬಿಗಿ ಚರ್ಚು ಹಟ ಹಿಡಿದು, 1640ರಲ್ಲಿ ಕ್ರಿಸ್‌ಮಸ್ ರಜೆಯನ್ನೇ ತೆಗೆಸಿತು. ಡಿಸೆಂಬರ್ 25 ಮತ್ತೆ ಸಾರ್ವಜನಿಕ ರಜೆಯಾಗಿದ್ದು 1958ರಲ್ಲಿ. ಅಲ್ಲಿಯವರೆಗೆ ಚಳಿಗಾಲದ ಸಂಭ್ರಮವೆಲ್ಲ ವರ್ಷದ ಕೊನೆಗೆ ಜರುಗಿತ್ತು. ಮಧ್ಯರಾತ್ರಿ ಗಂಟೆ ಬಾರಿಸಿದ ಮೇಲೆ ಹೊಸ್ತಿಲು ದಾಟುವ ಮೊದಲ ಮನುಷ್ಯನೇ ‘ಫಸ್ಟ್ ಫುಟ್’. ಅವನು ಎತ್ತರಕ್ಕಿರಬೇಕು, ಕಪ್ಪು ಕೂದಲಿರಬೇಕು, ಕೈಯಲ್ಲಿ ಒಂದು ತುಂಡು ಕಲ್ಲಿದ್ದಲು, ಷಾರ್ಟ್‌ಬ್ರೆಡ್, ಒಂದಿಷ್ಟು ವಿಸ್ಕಿ ಇರಬೇಕು. ಹೊಂಬಣ್ಣದ ಕೂದಲಿನವನು ಬಂದರೆ ಅಪಶಕುನ. ವೈಕಿಂಗರು ಕೊಳ್ಳೆ ಹೊಡೆಯಲು ಬರುತ್ತಿದ್ದ ಕಾಲದ ಭಯ ಅದು ಅನ್ನುತ್ತಾರೆ. ಆ ರಾತ್ರಿ ಪಕ್ಕದ ಮನೆ ಅಜ್ಜಿ ನಿಮ್ಮನ್ನೋ ನಿಮ್ಮ ರೂಮ್‌ಮೇಟನ್ನೋ ವಿಶೇಷವಾಗಿ ಕರೆದರೆ ಯಾಕೆ ಅಂತ ಗೊತ್ತಾಯಿತಲ್ಲ. ಬರಿಗೈಯಲ್ಲಿ ಹೋಗಬೇಡಿ. ಮಾರನೇ ದಿನ ಬೇಗ ಏಳಬೇಕಲ್ಲ ಅನ್ನುವ ಚಿಂತೆಯೂ ಬೇಡ. ಇಂಗ್ಲೆಂಡಿಗೆ ಜನವರಿ 1 ಮಾತ್ರ ರಜೆ, ಸ್ಕಾಟ್ಲೆಂಡಿಗೆ 2ನೇ ತಾರೀಕೂ ಇದೆ.